ತಟ್ಟೆಯಿಂದ ಮೂತ್ರದವರೆಗೆ: ಊಟದಲ್ಲಿರುವ ವಿಷವನ್ನು ದೇಹ ಏನು ಮಾಡುತ್ತದೆ?

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಕಳೆದ ಮಾರನೇ ದಿನ, ಅಂದರೆ ಆಗಸ್ಟ್ 4ರ ಬೆಳಿಗ್ಗೆ, ಮೂತ್ರ ಕೆಂಪಾಗಿ ಬಂದರೆ ಕೊಡಗಿನಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಹಿಂದಿನ ದಿನ ತಿಂದ ಮದ್ದು ಸೊಪ್ಪಿನ ಪಾಯಸದ ಬಣ್ಣ ಅದು. ಹೊರಗಿನಿಂದ ಬಂದ ನೆಂಟರಿಗೆ ಮೊದಲೇ ಹೇಳಿರದಿದ್ದರೆ ಮಾತ್ರ ಬೆಳಗಾಗುತ್ತಲೇ ಗಲಾಟೆ.

ಆ ಬಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಕಿಡ್ನಿಗೆ ಹೋಗಿ ಹೊರಬಿತ್ತು. ಕಣ್ಣಿಗೆ ಕಾಣದ ಕೀಟನಾಶಕ, ಸೀಸ, ಬೂಷ್ಟಿನ ವಿಷಗಳೂ ರಕ್ತಕ್ಕೆ ಸೇರುವುದು ಕರುಳಿನಿಂದಲೇ. ಆದರೆ ಎಲ್ಲವೂ ಇಷ್ಟು ಬೇಗ ಹೊರಗೆ ಬರುವುದಿಲ್ಲ. ಯಾವುದು ಬರುವುದಿಲ್ಲವೋ ಅದನ್ನು ಅಡುಗೆಮನೆಯಲ್ಲೇ ತಡೆಯಬೇಕು.

ಹಂತ 1: ಕರುಳು ದಾಟುವುದು

ಹೆಚ್ಚಿನ ಹೀರಿಕೆ ನಡೆಯುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಜೀವಕೋಶದ ಪೊರೆ ಕೊಬ್ಬಿನಿಂದಾದದ್ದು. ಹಾಗಾಗಿ ಕೊಬ್ಬಿನಲ್ಲಿ ಕರಗುವ ರಾಸಾಯನಿಕ ಸುಲಭವಾಗಿ ಒಳಗೆ ನುಗ್ಗುತ್ತದೆ. ಸೀಸದ್ದು ಬೇರೆ ಉಪಾಯ. ಕಬ್ಬಿಣ, ಕ್ಯಾಲ್ಸಿಯಂ ಹೋಗುವ ಬಾಗಿಲಿನಿಂದಲೇ ಅದೂ ಹೋಗುತ್ತದೆ. ದೊಡ್ಡವರು ಸುಮಾರು ಶೇ 10ರಷ್ಟು ಹೀರಿಕೊಂಡರೆ, ಮಕ್ಕಳು ಶೇ 50ರವರೆಗೂ ಹೀರಿಕೊಳ್ಳಬಹುದು. ಕಬ್ಬಿಣ ಕಡಿಮೆಯಾಗಿ ರಕ್ತಹೀನತೆ ಇರುವ ಮಗುವಿಗೆ ಇನ್ನೂ ಅಪಾಯ.

ಹಂತ 2: ಲಿವರ್

ಕರುಳಿನಿಂದ ಹೊರಟ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ. ವಿಷದ ವಿಷಯದಲ್ಲಿ ಲಿವರಿನ ಮುಖ್ಯ ಕೆಲಸ ಇಷ್ಟೇ: ಕೊಬ್ಬಿನಲ್ಲಿ ಕರಗುವುದನ್ನು ನೀರಿನಲ್ಲಿ ಕರಗುವಂತೆ ಮಾಡುವುದು. ನೀರಿನಲ್ಲಿ ಕರಗಿದರೆ ತಾನೇ ಮೂತ್ರದಲ್ಲಿ ಹೋಗುವುದು?

ಮೊದಲು ಸೈಟೋಕ್ರೋಮ್ ಪಿ450 ಅನ್ನುವ ಕಿಣ್ವಗಳು ಆ ರಾಸಾಯನಿಕದ ರೂಪ ಬದಲಿಸುತ್ತವೆ. ಆಮೇಲೆ ಬೇರೆ ಕಿಣ್ವಗಳು ಗ್ಲುಟಾಥಿಯೋನ್‌ನಂಥ ವಸ್ತುವನ್ನು ಅದಕ್ಕೆ ಅಂಟಿಸುತ್ತವೆ. ಎಡವಟ್ಟಾಗುವುದು ಇವೆರಡರ ನಡುವೆ. ಕಾಫಿ ತೋಟದವರಿಗೆ ಪರಿಚಯವಿರುವ ಕೀಟನಾಶಕ ಕ್ಲೋರೋಪೈರಿಫಾಸ್ ಮೊದಲ ಬದಲಾವಣೆಯಲ್ಲಿ ಇನ್ನೂ ಜಾಸ್ತಿ ವಿಷವಾಗುತ್ತದೆ. ನರಗಳಿಗೆ ಪೆಟ್ಟು ಕೊಡುವುದು ಆ ಹೊಸ ರೂಪವೇ. ಕಡಲೆಕಾಯಿ, ಒಣಮೆಣಸಿನ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಕೂಡ ಹಾಗೇ. ಲಿವರ್ ಅದನ್ನು ಮುಟ್ಟಿದ ಮೇಲೆಯೇ ಅದು ಡಿಎನ್‌ಎಗೆ ಅಂಟಿಕೊಂಡು ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಸಮಯಕ್ಕೆ ಸರಿಯಾಗಿ ಗ್ಲುಟಾಥಿಯೋನ್ ಸಿಕ್ಕಿದರೆ ಬಚಾವ್. ದಿನಾ ಕುಡಿಯುವವರ ಲಿವರಿನಲ್ಲಿ ಅದು ಕಡಿಮೆ ಇರುತ್ತದೆ. ಹೇಳಿದರೆ ಬೇಜಾರು, ಆದರೂ ಹೇಳಲೇಬೇಕು.

ಬೈಂಬಳೆಯಲ್ಲಿ, ಅಂದರೆ ಕಣಿಲೆಯಲ್ಲಿ (ಬಿದಿರಿನ ಎಳೆ ಮೊಳಕೆ), ಹುಟ್ಟುವ ಸಯನೈಡಿಗೆ ದೇಹ ಗಂಧಕ ಸೇರಿಸಿ ಥಯೋಸಯನೇಟ್ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಸ್ವಲ್ಪ ಬಂದರೆ ನಿಭಾಯಿಸುತ್ತದೆ. ಒಮ್ಮೆಲೇ ಜಾಸ್ತಿ ಬಂದರೆ ಆಗುವುದಿಲ್ಲ.

ಹಂತ 3: ಹೊರಗೆ ಹೋಗುವುದು, ಅಥವಾ ಒಳಗೇ ಉಳಿಯುವುದು

ಕೆಲವು ಮೂತ್ರದಲ್ಲಿ, ಕೆಲವು ಪಿತ್ತದ ಮೂಲಕ ಮಲದಲ್ಲಿ ಹೋಗುತ್ತವೆ. ಕ್ಲೋರೋಪೈರಿಫಾಸ್ ಒಡೆದು ಉಳಿದ ಭಾಗದಲ್ಲಿ ಅರ್ಧದಷ್ಟು ಸುಮಾರು ಒಂದು ದಿನದಲ್ಲಿ ಹೊರಬೀಳುತ್ತದೆ. ಸರಿಯಾಗಿ ಒಣಗದ ಕಾಫಿಯಲ್ಲಿ ಹುಟ್ಟುವ ಬೂಷ್ಟಿನ ವಿಷ ಆಕ್ರಟಾಕ್ಸಿನ್ ಹಾಗಲ್ಲ. ರಕ್ತದ ಅಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡು ಕೂರುತ್ತದೆ, ಅರ್ಧದಷ್ಟು ಹೋಗಲು ಒಂದು ತಿಂಗಳು ದಾಟುತ್ತದೆ. ಸೀಸ ಮೂಳೆ ಸೇರಿ ದಶಕಗಟ್ಟಲೆ ಇರುತ್ತದೆ. ಕೃಷಿಯಲ್ಲಿ 1989ರಲ್ಲೇ ನಿಷೇಧವಾದ ಕೀಟನಾಶಕ ಡಿಡಿಟಿ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತಾಯಿಯ ಹಾಲಿನಲ್ಲೂ ಹೋಗುತ್ತದೆ. ಬೇಗ ತೂಕ ಇಳಿಸಿದಾಗ ಕೊಬ್ಬಿನಲ್ಲಿದ್ದದ್ದು ಮತ್ತೆ ರಕ್ತಕ್ಕೆ ಬರುತ್ತದೆ. ಹಾಗಿರುವಾಗ ಮೂರು ದಿನ ಹಸಿರು ಜ್ಯೂಸ್ ಕುಡಿದು ದೇಹ ಶುದ್ಧ ಮಾಡುತ್ತೇವೆ ಅನ್ನುವುದು ಸುಮ್ನೆ ಮಾತು.

ಅಡುಗೆಮನೆಯಲ್ಲಿ ಏನು ಮಾಡಬೇಕು

ಬೈಂಬಳೆಯನ್ನು ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ಒಂದೆರಡು ದಿನ ನೆನೆಹಾಕಿ. ಆಮೇಲೆ ಮುಚ್ಚಳ ತೆಗೆದೇ ಕುದಿಸಿ ಆ ನೀರು ಚೆಲ್ಲಿ. ಸಯನೈಡ್ ಹಬೆಯ ಜೊತೆ ಹಾರಿಹೋಗುತ್ತದೆ. ನಮ್ಮ ಅಜ್ಜಿಯರ ಈ ಪದ್ಧತಿಗೆ ವಿಜ್ಞಾನ ಸೇರಿಸುವುದು ಏನೂ ಇಲ್ಲ.

ಬೂಷ್ಟು ಹಿಡಿದ ಕಡಲೆಕಾಯಿ, ಒಣಮೆಣಸನ್ನು ಆರಿಸಿ ತಿನ್ನಬೇಡಿ, ಬಿಸಾಡಿ. ಹುರಿದರೂ ಅಫ್ಲಾಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಕಣದಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಬಂದ ಕಾಫಿಯನ್ನು 'ಮನೆ ಖರ್ಚಿಗೆ ಆಯ್ತು' ಅಂತ ಎತ್ತಿಡುವವರಿದ್ದಾರೆ. ಹುರಿಯುವಾಗ ಆಕ್ರಟಾಕ್ಸಿನ್ ಕಡಿಮೆಯಾಗುತ್ತದೆ ನಿಜ, ಪೂರ್ತಿ ಹೋಗುವುದಿಲ್ಲ. ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ಕುಡಿಯುವುದು ಯಾವ ಲೆಕ್ಕ?

ಸೊಪ್ಪು, ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಮೇಲಿರುವ ಔಷಧಿ, ಅಂದರೆ ಕೀಟನಾಶಕ, ಬಹಳಷ್ಟು ಹೋಗುತ್ತದೆ, ಗಿಡದೊಳಗೆ ಇಳಿದದ್ದು ಹೋಗುವುದಿಲ್ಲ. ಅದಕ್ಕೇ ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಲೇಬಲ್ ನೋಡಿ.

ಔಷಧಿಯ ಖಾಲಿ ಕ್ಯಾನ್‌ನಲ್ಲಿ ಎಷ್ಟು ತೊಳೆದರೂ ನೀರು, ಎಣ್ಣೆ ತುಂಬಿಸಬೇಡಿ. ಊಟವಾದ ಮೇಲೆ ಯಾರಿಗಾದರೂ ಜೊಲ್ಲು ಸುರಿದು, ಮೈ ಬೆವರಿ, ಕಣ್ಣು ಮಂಜಾದರೆ ಮನೆಮದ್ದು ಬೇಡ, ವಾಂತಿ ಮಾಡಿಸುವುದೂ ಬೇಡ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧಿಯ ಅನುಮಾನವಿದ್ದರೆ ಆ ಕ್ಯಾನ್‌ನ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.