ಹಾಲಿನ ಅಂಗಡಿಗೆ 212 ಹೆಜ್ಜೆ

ನನ್ನ ಎರಡೂ ಕಣ್ಣು ಹೋದಾಗ ನನಗೆ 43 ವರ್ಷ. ಗ್ಲಾಕೋಮಾ. ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ. ನನಗೆ ನೋವಿರಲಿಲ್ಲ, ಕಣ್ಣು ಕೆಂಪಾಗಲಿಲ್ಲ. ಮೊದಲು ಅಂಚಿನ ನೋಟ ಹೋಯಿತು. ಬಾಗಿಲ ಚೌಕಟ್ಟಿಗೆ ಪದೇ ಪದೇ ಭುಜ ಬಡಿಯುತ್ತಿತ್ತು. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಮನೆತನದಲ್ಲಿ ಹರಿದು ಬರಬಹುದಾದ ಕಾಯಿಲೆ ಇದು ಅಂತ ಗೊತ್ತಾದ ವಾರವೇ ತಮ್ಮನನ್ನು ಪರೀಕ್ಷೆಗೆ ಕಳಿಸಿದೆ. ಅವನಿಗೆ ಬೇಗ ತಿಳಿಯಿತು. ದಿನಾ ಡ್ರಾಪ್ಸ್ ಹಾಕಿಕೊಳ್ಳುತ್ತಾನೆ, ಇವತ್ತಿಗೂ ಬೈಕ್ ಓಡಿಸುತ್ತಾನೆ.

ಎಂಟು ತಿಂಗಳು ಮನೆಯಲ್ಲಿ ಸುಮ್ನೆ ಕೂತೆ. ಹೆಂಡತಿ ಅನ್ನ ಕಲಸಿ ಕೊಡುತ್ತಿದ್ದಳು, ಮಗಳು ಕೈ ಹಿಡಿದು ಬಚ್ಚಲಿಗೆ ಬಿಡುತ್ತಿದ್ದಳು. ಅವರ ಪ್ರೀತಿ ದೊಡ್ಡದು. ಆದರೂ ನನ್ನ ಮನೆಯಲ್ಲೇ ನಾನು ನೆಂಟನಾಗಿದ್ದೆ.

ಆಮೇಲೆ ಬಿಳಿ ಕೋಲು ಕಲಿತೆ. ಕಲಿಸಿದವರಿಗೂ ಕಣ್ಣು ಕಾಣುತ್ತಿರಲಿಲ್ಲ. ಕೋಲು ನಿಲ್ಲಿಸಿದರೆ ಎದೆಯ ಮಟ್ಟಕ್ಕೆ ಬರಬೇಕು. ಎಡಗಾಲು ಮುಂದೆ ಹೋಗುವಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಹೋಗುವಾಗ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿರುತ್ತದೆ. ಕೇಳಲು ಸುಲಭ, ಅಲ್ವಾ? ನನ್ನ ಕಾಲು, ಕೈ ಒಂದಾಗಲು ಮೂರು ವಾರ ಹಿಡಿಯಿತು. ಸೊಂಟದಿಂದ ಮೇಲಿರುವುದನ್ನು ಕೋಲು ಹೇಳುವುದಿಲ್ಲ. ಲಾರಿಯ ಹಿಂದೆ ಚಾಚಿದ್ದ ಕಂಬಿಯೊಂದು ಹಣೆಗೆ ಬಡಿದ ಮೇಲೆ ಟೋಪಿ ಹಾಕುವುದು ಕಲಿತೆ.

ಮೊದಲ ಗುರಿ ಹಾಲಿನ ಅಂಗಡಿ. ಮನೆಯಿಂದ 212 ಹೆಜ್ಜೆ. ಹಿಟ್ಟಿನ ಗಿರಣಿಯ ವಾಸನೆ ಬಂದರೆ ಅರ್ಧ ದಾರಿ. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಎಡಕ್ಕೆ ಕೇಳಿದರೆ ಮೋರಿ ಹತ್ತಿರ. ಆ ಮೋರಿಯ ಚಪ್ಪಡಿ ಒಂದು ಕಡೆ ಇಲ್ಲ. ಎರಡು ಸಲ ಅದರೊಳಗೆ ಕಾಲಿಟ್ಟೆ. ಹದಿನೇಳನೇ ದಿನ ಒಬ್ಬನೇ ಹೋಗಿ ಅರ್ಧ ಲೀಟರ್ ಹಾಲು ಕೇಳಿದೆ.

‘ಯಾರೂ ಬಂದಿಲ್ವಾ ಸರ್?’ ಎಂದರು ಅಂಗಡಿಯಮ್ಮ.

‘ಇಲ್ಲಮ್ಮ, ನಾನೇ ಬಂದೆ.’

ನೂರರ ನೋಟು ಕೊಟ್ಟೆ. ಈಗಿನ ನೋಟುಗಳಲ್ಲಿ ನೂರು 142 ಮಿಲಿಮೀಟರ್ ಉದ್ದ, ಇನ್ನೂರು 146, ಐನೂರು 150. ನಾಲ್ಕು ಮಿಲಿಮೀಟರ್ ಬೆರಳಿಗೆ ಸಿಗಬೇಕಾದರೆ ರಾತ್ರಿಯೆಲ್ಲ ಅಭ್ಯಾಸ ಮಾಡಬೇಕು. ನಾನು ಮಾಡಿದ್ದೆ.

ಕೆಲಸದ ವಿಷಯ. ಸ್ವಯಂ ನಿವೃತ್ತಿ ತಗೊಳ್ಳಿ ಎಂದು ಕಚೇರಿಯಲ್ಲಿ ಹೇಳಿದ್ದರು. ಸಹಿ ಹಾಕಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಇದನ್ನೇ ಅರ್ಜಿಯಲ್ಲಿ ಬರೆದೆ. ಯಾರಾದರೂ ನಿಮ್ಮ ಮುಂದೆ ರಾಜೀನಾಮೆ ಕಾಗದ ಇಟ್ಟರೆ ದಯವಿಟ್ಟು ಅವಸರ ಮಾಡಬೇಡಿ.

ಈಗ ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಎನ್‌ವಿಡಿಎ ಓದಿ ಹೇಳುತ್ತದೆ. ಉಚಿತ ತಂತ್ರಾಂಶ, ಕನ್ನಡವೂ ಬರುತ್ತದೆ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಅದರಲ್ಲಿಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದ ಕಡತ ಮಾತ್ರ ಅದಕ್ಕೆ ಅರ್ಥವಾಗುವುದಿಲ್ಲ, ಏನೇನೋ ಓದುತ್ತದೆ. ನಮ್ಮ ವಿಭಾಗದ ಹುಡುಗರು ಈಗ ಯೂನಿಕೋಡ್‌ಗೆ ಬದಲಿಸಿಯೇ ಕಳಿಸುತ್ತಾರೆ.

ಬಸ್ ಸ್ಟ್ಯಾಂಡಿಗೂ ಒಬ್ಬನೇ ಹೋಗುತ್ತೇನೆ. ಅಲ್ಲಿ ನಾನು ಸಿಕ್ಕರೆ ರಟ್ಟೆ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ ಸಾಕು, ಅರ್ಧ ಹೆಜ್ಜೆ ಹಿಂದೆ ನಾನು ಬರುತ್ತೇನೆ.