ವಿಯೆಟ್ನಾಂ ಬ್ಯಾಕ್‌ಪ್ಯಾಕಿಂಗ್: ಹಾ ಜಿಯಾಂಗ್ ಲೂಪ್ ಹೊಡೆಯೋದು ಹೇಗೆ

ವಿಯೆಟ್ನಾಂಗೆ ಹೋಗೋರು ಸುಮಾರು ಜನ ಹನೋಯ್, ಹಾ ಲಾಂಗ್ ಬೇ, ಡನಾಂಗ್, ಹೋಯಿ ಆನ್, ಸೈಗಾನ್ ಎಲ್ಲಾ ಒಂದೇ ಟ್ರಿಪ್ಪಲ್ಲಿ ತುರುಕ್ತಾರೆ. ಹನೋಯಿಂದ ಸೈಗಾನಿಗೆ ರೈಲು ದಾರಿನೇ 1,726 ಕಿ.ಮೀ., ಮೂವತ್ತು ಗಂಟೆ ಮೇಲೇನೇ ಬೇಕು, ಹಂಗಾಗಿ ರಜೆ ಕಮ್ಮಿ ಇದ್ರೆ ಅರ್ಧ ಟ್ರಿಪ್ ಬರೀ ಸೀಟಲ್ಲಿ ಕೂತೇ ಮುಗಿದೋಗತ್ತೆ. ನನ್ನ ಕೇಳಿದ್ರೆ ದಕ್ಷಿಣ ಬಿಟ್ಬಿಡಿ, ಸೀದಾ ಉತ್ತರಕ್ಕೆ ಚೀನಾ ಬಾರ್ಡರ್ ಪಕ್ಕ ಇರೋ ಹಾ ಜಿಯಾಂಗಿಗೆ ಹೋಗಿ, ಅಲ್ಲಿಂದ ಹೊರಟು ಸುತ್ತು ಹಾಕಿ ಅಲ್ಲಿಗೇ ವಾಪಸ್ ಬರೋ ಲೂಪ್ ಸುಮಾರು 350 ಕಿ.ಮೀ. ಬೆಟ್ಟದ ರೋಡು, ಅಡ್ವೆಂಚರ್ ಅಂದ್ರೆ ಅದು.

ಮೊದಲು ವೀಸಾ. ಇ-ವೀಸಾ ಸಾಕು, ಸಿಂಗಲ್ ಎಂಟ್ರಿಗೆ 25 ಡಾಲರ್, ಮಲ್ಟಿಪಲ್‌ಗೆ 50, 2023ರ ಆಗಸ್ಟಿಂದ 90 ದಿನದವರೆಗೂ ಕೊಡ್ತಾರೆ. ಗೂಗಲ್ ಮಾಡಿದ್ರೆ ಸರ್ಕಾರಿ ಸೈಟ್ ಥರಾನೇ ಕಾಣೋ ಏಜೆಂಟ್ ಸೈಟುಗಳು ಬರ್ತವೆ, ಡಬಲ್ ದುಡ್ಡು ಕಿತ್ಕೋತವೆ, ಅಡ್ರೆಸ್ ನೋಡ್ಕೊಂಡು ಅಪ್ಲೈ ಮಾಡಿ. ಪಾಸ್‌ಪೋರ್ಟಲ್ಲಿ ಹೆಸರು ಹೆಂಗಿದ್ಯೋ ಹಂಗೇ ಹಾಕಿ, ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಏರ್‌ಪೋರ್ಟಲ್ಲಿ ತಲೆನೋವು.

ಇನ್ನು ಬೈಕು. ಇಲ್ಲೇ ಜಾಸ್ತಿ ಜನ ಎಡವೋದು. ಇಂಡಿಯಾದಲ್ಲಿ ಆರ್‌ಟಿಒ ಕೊಡೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡ್ಕೊಂಡ 1949ರ ಒಪ್ಪಂದದ್ದು, ವಿಯೆಟ್ನಾಂ ಒಪ್ಪೋದು 1968ರ ಒಪ್ಪಂದದ್ದನ್ನ, ಅಂದ್ರೆ ನಿಮ್ ಕೈಲಿರೋ ಪರ್ಮಿಟ್ ಅಲ್ಲಿ ನಡೆಯಲ್ಲ. ಬಾಡಿಗೆ ಅಂಗಡಿಯವ್ರು ಇದನ್ನೆಲ್ಲ ಕೇಳೋಕೆ ಹೋಗಲ್ಲ, ದುಡ್ಡು ಇಸ್ಕೊಂಡು ಕೀ ಕೊಟ್ಬಿಡ್ತಾರೆ, ಆದ್ರೆ ದಾರೀಲಿ ಪೊಲೀಸ್ ಚೆಕಿಂಗ್ ಇರತ್ತೆ, ಅದಕ್ಕಿಂತ ಮುಖ್ಯ ಬಿದ್ದು ಕಾಲು ಮುರ್ಕೊಂಡ್ರೆ ಲೈಸೆನ್ಸ್ ಸರಿ ಇಲ್ಲ ಅಂತ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತೆ. ಅದಕ್ಕೇ ಈಸಿ ರೈಡರ್ ತಗೊಳ್ಳಿ. ಲೋಕಲ್ ಹುಡುಗ ಬೈಕ್ ಓಡಿಸ್ತಾನೆ, ನೀವು ಹಿಂದೆ ಕೂರೋದು. ಬುಲೆಟ್ ಓಡಿಸಿ ಅಭ್ಯಾಸ ಇರೋರಿಗೆ ಸ್ವಲ್ಪ ಅವಮಾನ ಅನ್ಸತ್ತೆ ಸರಿ, ಆದ್ರೆ ಆ ತಿರುವುಗಳಲ್ಲಿ ಕಣ್ಣು ರೋಡ್ ಮೇಲೆ ಇಟ್ರೆ ಕಣಿವೆ ನೋಡೋಕಾಗಲ್ಲ, ಹಿಂದೆ ಕೂತೋರಿಗೇ ಲಾಭ. ಇನ್ಶೂರೆನ್ಸ್ ತಗೊಳ್ವಾಗ ಬೈಕ್ ಹಿಂದೆ ಕೂರೋದಕ್ಕೂ ಕವರ್ ಇದ್ಯಾ ಅಂತ ಓದಿ ನೋಡಿ.

ಹನೋಯಿಂದ ಹಾ ಜಿಯಾಂಗ್ ಪೇಟೆಗೆ ಸುಮಾರು 300 ಕಿ.ಮೀ., ಸ್ಲೀಪರ್ ಬಸ್ಸಲ್ಲಿ ಆರೇಳು ಗಂಟೆ. ಹತ್ತುವಾಗ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಕವರ್‌ಗೆ ಹಾಕ್ಕೋಬೇಕು, ಉದ್ದ ಕಾಲಿನವರಿಗೆ ಆ ಬರ್ತ್ ಒಂದು ಶಿಕ್ಷೆ. ದೊಡ್ಡ ಬ್ಯಾಗ್ ಹಾಸ್ಟೆಲಲ್ಲೇ ಬಿಟ್ಟು ಚಿಕ್ಕ ಬ್ಯಾಗಲ್ಲಿ ಎರಡು ಜೊತೆ ಬಟ್ಟೆ, ರೇನ್ ಜಾಕೆಟ್, ಪವರ್ ಬ್ಯಾಂಕ್ ಅಷ್ಟೇ ತಗೊಂಡು ಹೊರಡಿ. ಸಿಮ್ ವಿಯೆಟೆಲ್ ತಗೊಳ್ಳಿ, ಬೆಟ್ಟದಲ್ಲೂ ಚೆನ್ನಾಗಿ ಸಿಗ್ನಲ್ ಸಿಗತ್ತೆ.

ರೂಟ್ ಹೀಗೆ: ಕ್ವಾನ್ ಬಾ, ಯೆನ್ ಮಿನ್, ಡಾಂಗ್ ವಾನ್, ಮಾ ಪಿ ಲೆಂಗ್ ಪಾಸ್ (ಬೆಟ್ಟದ ಘಾಟಿ) ದಾಟಿ ಮಿಯೊ ವಾಕ್, ಅಲ್ಲಿಂದ ಡು ಜಿಯಾ ಕಡೆ ತಿರುಗಿ ವಾಪಸ್. ಮೂರು ದಿನದ ಪ್ಯಾಕೇಜ್ ಮಾರ್ತಾರೆ, ನಾಲ್ಕು ದಿನದ್ದೇ ತಗೊಳ್ಳಿ, ಮೂರರಲ್ಲಿ ಬರೀ ಓಡೋದೇ ಆಗತ್ತೆ. ಡಾಂಗ್ ವಾನ್ ಸುತ್ತಮುತ್ತ ಪೂರ್ತಿ ಸುಣ್ಣಕಲ್ಲಿನ ಬೆಟ್ಟ, 2010ರಲ್ಲೇ ಯುನೆಸ್ಕೋ ಜಿಯೋಪಾರ್ಕ್ (ವಿಶೇಷ ಭೂರಚನೆ ಇರೋ ಜಾಗ) ಪಟ್ಟಿಗೆ ಸೇರಿದೆ, ಕಲ್ಲಿನ ಸಂದಿಗೆ ಮಣ್ಣು ತುಂಬಿ ಒಂದೊಂದೇ ಮೆಕ್ಕೆಜೋಳದ ಗಿಡ ಬೆಳೀತಾರೆ ಅಲ್ಲಿನ ಹ್ಮಾಂಗ್ ಬುಡಕಟ್ಟಿನ ಜನ. ಹಾ ಜಿಯಾಂಗಿಂದ ಮಿಯೊ ವಾಕ್‌ವರೆಗಿನ ರೋಡನ್ನ 1959ರಿಂದ 1965ರೊಳಗೆ ಹೆಚ್ಚುಕಮ್ಮಿ ಕೈಯಲ್ಲೇ ಕಡಿದಿದ್ದು, ಮಾ ಪಿ ಲೆಂಗ್ ಪಾಸ್ ಭಾಗಕ್ಕೆ ಹುಡುಗ್ರು ಹಗ್ಗಕ್ಕೆ ಜೋತುಬಿದ್ದು ತಿಂಗಳುಗಟ್ಟಲೆ ಬಂಡೆ ಕೊರ್ದಿದ್ದಾರೆ. ಅಲ್ಲಿ ಸುಮ್ನೆ ಒಂದು ಫೋಟೋ ಹೊಡ್ಕೊಂಡು ಓಡ್ಬೇಡಿ, ಕೆಳಗಿಳಿದು ನ್ಯೋ ಕ್ವೆ ನದೀಲಿ ಬೋಟ್ ಹತ್ತಿ, ತು ಸಾನ್ ಕಣಿವೆಯ ಗೋಡೆಗಳು ಎರಡೂ ಕಡೆ ನಿಂತಿರತ್ವೆ. ಭಾನುವಾರ ಮಿಯೊ ವಾಕಲ್ಲಿ ಸಂತೆ ಇರತ್ತೆ, ಪ್ಲಾನ್ ಅದಕ್ಕೆ ಹೊಂದಿಸ್ಕೊಂಡ್ರೆ ಹಂದಿ, ದನ, ಬಣ್ಣಬಣ್ಣದ ಲಂಗ ಎಲ್ಲಾ ಒಂದೇ ಕಡೆ ನೋಡ್ಬೋದು.

ಸೆಪ್ಟೆಂಬರ್ ಕೊನೇಲಿ ಗದ್ದೆ ಹಳದಿ, ಅಕ್ಟೋಬರ್ ನವೆಂಬರಲ್ಲಿ ಬಕ್‌ವೀಟ್ (ಒಂಥರಾ ಧಾನ್ಯ) ಹೂವು, ಅದೇ ಬೆಸ್ಟ್ ಟೈಮ್. ಜೂನಿಂದ ಆಗಸ್ಟ್ ಮಳೆ, ಗುಡ್ಡ ಕುಸಿಯೋದು ಮಾಮೂಲು.

ವೆಜ್ ಆದ್ರೆ "ಆನ್ ಚಾಯ್" ಅಂತ ಹೇಳಿ, ಆದ್ರೂ ಮೀನಿನ ಸಾಸ್, ಹಂದಿ ಕೊಬ್ಬು ಬೇಡ ಅಂತ ಫೋನಲ್ಲಿ ವಿಯೆಟ್ನಾಮೀಸಲ್ಲಿ ಬರೆದಿಟ್ಕೊಂಡು ತೋರ್ಸಿ, ಸೊಪ್ಪಿನ ಪಲ್ಯದಲ್ಲೂ ಬಂದಿರತ್ತೆ. ಹೋಮ್‌ಸ್ಟೇಲಿ ರಾತ್ರಿ ಎಲ್ರೂ ಸೇರಿ ಊಟಕ್ಕೆ ಕೂತಾಗ ಮೆಕ್ಕೆಜೋಳದ ಸಾರಾಯಿ ಸುತ್ತು ಹೊಡೆಯತ್ತೆ. ನಿಮ್ ರೈಡರ್ ಜಾಸ್ತಿ ಕುಡೀತಿದ್ರೆ ಬೆಳಿಗ್ಗೆ ಲೇಟಾಗಿ ಹೊರಡೋಣ ಅಂತ ಆಗ್ಲೇ ಹೇಳ್ಬಿಡಿ, ಅಲ್ಲಿ ಗಾಡಿ ಓಡಿಸೋರಿಗೆ ಆಲ್ಕೋಹಾಲ್ ಲಿಮಿಟ್ ಸೊನ್ನೆ, ರಾತ್ರಿ ಕುಡಿದಿದ್ದು ಬೆಳಿಗ್ಗೆನೂ ಊದಿದ್ರೆ ಸಿಕ್ಕಾಕೊಳ್ತಾನೆ.

ದುಡ್ಡು ಕ್ಯಾಶ್ ಇಟ್ಕೊಳ್ಳಿ, ಅಲ್ಲಿನ ಕರೆನ್ಸಿ ದಾಂಗ್. 20,000 ದಾಂಗ್ ನೋಟು, 5,00,000 ದಾಂಗ್ ನೋಟು ಎರಡೂ ನೀಲಿ ಬಣ್ಣ, ಮಬ್ಬು ಬೆಳಕಲ್ಲಿ ಒಂದೇ ಥರ ಕಾಣತ್ವೆ, ದೊಡ್ಡದನ್ನ ಬೇರೆ ಜೇಬಲ್ಲಿ ಇಡಿ.

ಕೊನೇ ದಿನ ಸಂಜೆ ಹೊತ್ತಿಗೆ ಹಾ ಜಿಯಾಂಗ್ ಮುಟ್ತೀರ, ರಾತ್ರಿ ಬಸ್ ಹಿಡಿದ್ರೆ ನಸುಕಲ್ಲಿ ಹನೋಯ್. ಅವತ್ತೇ ಫ್ಲೈಟ್ ಬುಕ್ ಮಾಡ್ಬೇಡಿ, ಗುಡ್ಡ ಕುಸಿದು ರೋಡ್ ಬಂದ್ ಆದ್ರೆ ಜೆಸಿಬಿ ಬರೋತನಕ ಕಾಯ್ಬೇಕು, ಮಧ್ಯೆ ಒಂದು ದಿನ ಖಾಲಿ ಇರ್ಲಿ.