ಹಗಲಿನ ಕೆಫೆಗೆ ದಿನವೂ ಬರುವ ಗಿರಾಕಿಗೆ ಬೇಕಾದದ್ದೇನು?

ಮುಂಬಯಿಯಲ್ಲೋ ಥಾಣೆಯಲ್ಲೋ ಚಿಕ್ಕದೊಂದು ಕೆಫೆ ತೆರೆಯಬೇಕೆಂದು ಹೊರಟಿರುವ ನಮ್ಮ ತುಳು-ಕನ್ನಡಿಗ ತರುಣರು ಮೊದಲು ಮೆನುವಿನ ಬಗ್ಗೆ ಕೇಳುತ್ತಾರೆ, ಆಮೇಲೆ ಒಳಾಂಗಣದ ಅಲಂಕಾರದ ಬಗ್ಗೆ, ಕೊನೆಗೆ ಬಾಡಿಗೆ ಮತ್ತು ಪಗಡಿಯ (ಜಾಗ ಹಿಡಿಯಲು ಕೊಡುವ ಇಡುಗಂಟಿನ) ಬಗ್ಗೆ. ಅಂಗಡಿಗೆ ಯಾರು ಬರುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ, ಬಂದವರ ಕೈಯಲ್ಲಿ ಎಷ್ಟು ಸಮಯವಿರುತ್ತದೆ ಎಂದು ವಿಚಾರಿಸುವವರು ವಿರಳ. ಬೆಳಗ್ಗೆ ಆರೂವರೆಗೆ ಬಾಗಿಲು ತೆರೆದು ಸಂಜೆ ಏಳಕ್ಕೆ ಮುಚ್ಚುವ ಕೆಫೆಯು ಹುಟ್ಟುಹಬ್ಬಕ್ಕೆಂದು ವರ್ಷಕ್ಕೊಮ್ಮೆ ಬರುವವರನ್ನು ನಂಬಿ ನಡೆಯಲಾರದು. ವಾರದಲ್ಲಿ ನಾಲ್ಕೈದು ಸಲ ಬಂದು, ಒಂದು ಕಾಫಿ, ಒಂದು ಪ್ಲೇಟ್ ಇಡ್ಲಿ ತೆಗೆದುಕೊಂಡು ಹೋಗುವವರೇ ಅದರ ಬಾಡಿಗೆಯನ್ನೂ ಸಂಬಳವನ್ನೂ ಕಟ್ಟುವವರು. ಅಂಥವರು ಹುಡುಕುವುದು ನಿಶ್ಚಿಂತೆಯನ್ನು. ನಿನ್ನೆ ಕುಡಿದ ಕಾಫಿಯೇ ಇವತ್ತೂ ಸಿಗಬೇಕು, ನಿನ್ನೆ ಹತ್ತು ನಿಮಿಷದಲ್ಲಿ ಮುಗಿದ ಕೆಲಸ ಇವತ್ತೂ ಹತ್ತೇ ನಿಮಿಷದಲ್ಲಿ ಮುಗಿಯಬೇಕು, ಬಿಲ್ಲು ಎಷ್ಟಾಗುತ್ತದೆಂದು ಕೂರುವ ಮೊದಲೇ ತಿಳಿದಿರಬೇಕು. ಈ ಬರಹದಲ್ಲಿ ಹೇಳುವ ಎಲ್ಲ ಕ್ರಮಗಳೂ ಈ ಒಂದು ಅಪೇಕ್ಷೆಯನ್ನು ಈಡೇರಿಸುವುದಕ್ಕಾಗಿಯೇ ಇವೆ.

ಈ ಸೀಮೆಗೆ ಹಗಲಿನ ಕೆಫೆ ಹೊಸದೇನೂ ಅಲ್ಲ. ಮುಂಬಯಿಯ ಧೋಬಿ ತಲಾವ್‌ನ ಇರಾನಿ ಕೆಫೆ ಕ್ಯಾನಿ 1904ರಿಂದ ಚಹಾ ಮತ್ತು ಬ್ರುನ್ ಮಸ್ಕಾ (ಬೆಣ್ಣೆ ಸವರಿದ ಗಟ್ಟಿ ಬ್ರೆಡ್ಡು) ಕೊಡುತ್ತಾ ಬಂದಿದೆ. ಮಾಟುಂಗ ರೈಲು ನಿಲ್ದಾಣದ ಎದುರು ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಪುಣೆಯ ಡೆಕ್ಕನ್‌ನಲ್ಲಿ ಗುಡ್‌ಲಕ್ ಎಂಬ ಇನ್ನೊಂದು ಇರಾನಿ ಕೆಫೆ 1935ರಿಂದ ಇದೆ. ಅಲ್ಲಿಂದ ತುಸು ದೂರದ ಫರ್ಗ್ಯೂಸನ್ ಕಾಲೇಜು ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಕಟ್ಟಿದ ವೈಶಾಲಿ ಹೋಟೆಲಿನಲ್ಲಿ ಕುಳಿತು ಬೆಳೆದ ವಿದ್ಯಾರ್ಥಿಗಳು ಮುಂದೆ ತಮ್ಮ ಮಕ್ಕಳನ್ನೂ ಅಲ್ಲಿಗೇ ಕರೆದುಕೊಂಡು ಬಂದಿದ್ದಾರೆ. ಇರಾನಿಯವರ ರುಚಿ ಬೇರೆ, ಉಡುಪಿಯವರ ರುಚಿ ಬೇರೆ. ಆದರೂ ಈ ಅಂಗಡಿಗಳೆಲ್ಲ ತಮ್ಮ ಸುತ್ತಮುತ್ತಲಿನವರ ದಿನಚರಿಯನ್ನು ಅರಿತು ನಡೆದವು ಎಂಬುದನ್ನು ಹೊಸಬರು ಗಮನಿಸಬೇಕು.

ಹೊತ್ತಿಗೆ ತಕ್ಕ ಗಿರಾಕಿ

ಜಾಗ ಗೊತ್ತುಮಾಡುವ ಮೊದಲು ಆ ರಸ್ತೆಯಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಕೆಲಸದ ದಿನವೂ ರಜಾದಿನವೂ, ಸುಮ್ಮನೆ ನಿಂತು ನೋಡುವುದು ಅತ್ಯಗತ್ಯ. ಮಾಟುಂಗ ಪೂರ್ವವನ್ನೇ ತೆಗೆದುಕೊಂಡರೆ, ಮುಂಜಾನೆ ಫೈವ್ ಗಾರ್ಡನ್ಸ್‌ನಲ್ಲಿ ನಡೆದಾಡಿ ಬರುವ ಹಿರಿಯರಿಗೆ ಆತುರವಿಲ್ಲ, ಪತ್ರಿಕೆ ಬೇಕು, ಸಕ್ಕರೆ ಕಡಿಮೆ ಇರುವ ಕಾಫಿ ಬೇಕು. ಎಂಟು ಗಂಟೆಗೆ ಬರುವ ನೌಕರರ ಕಣ್ಣು ಗಡಿಯಾರದ ಮೇಲಿರುತ್ತದೆ. ಹಿಡಿಯಬೇಕಾದ ಲೋಕಲ್ ರೈಲು ತಪ್ಪಿದರೆ ಮುಂದಿನದರಲ್ಲಿ ನಿಲ್ಲಲೂ ಜಾಗವಿರದು. ಹನ್ನೊಂದರ ನಂತರ ರುಯಿಯಾ, ಪೋದ್ದಾರ್, ವಿ.ಜೆ.ಟಿ.ಐ. ಕಾಲೇಜುಗಳ ಕಡೆಯ ವಿದ್ಯಾರ್ಥಿಗಳು ನಾಲ್ವರು ಸೇರಿ ಬಂದು ಎರಡು ದೋಸೆ ಹಂಚಿಕೊಳ್ಳುತ್ತಾರೆ. ಮಧ್ಯಾಹ್ನ ಮೂರರ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದವರು, ವಿಮೆ ಅಥವಾ ಮನೆ ವ್ಯವಹಾರದ ಮಾತಿಗೆ ಕೂರುವವರು, ಮಕ್ಕಳನ್ನು ತರಗತಿಗೆ ಬಿಟ್ಟು ಕಾಯುವ ತಾಯಂದಿರು ಬರುತ್ತಾರೆ. ಐದಕ್ಕೆ ಮತ್ತೆ ಕಾಫಿಯ ಗದ್ದಲ ಶುರುವಾಗುತ್ತದೆ.

ಇವರೆಲ್ಲರನ್ನೂ ಒಂದೇ ರೀತಿಯಲ್ಲಿ ನೋಡಿಕೊಳ್ಳುವ ಅಂಗಡಿ ಯಾರಿಗೂ ಪೂರ್ತಿ ಒಗ್ಗುವುದಿಲ್ಲ. ಬೆಳಗಿನ ಎಂಟರಿಂದ ಹತ್ತರವರೆಗೆ ಮೆನುವಿನಲ್ಲಿ ಕೂಡಲೇ ಕೊಡಬಹುದಾದ ಐದಾರು ತಿಂಡಿಗಳು ಸಾಕು: ಇಡ್ಲಿ, ವಡೆ, ಉಪ್ಪಿಟ್ಟು, ಶಿರಾ, ಪೋಹೆ, ಸಾದಾ ದೋಸೆ. ಆ ಹೊತ್ತಿನಲ್ಲಿ ಒಬ್ಬರು ರವೆ ಮಸಾಲೆ ದೋಸೆ ಕೇಳಿದರೆ ಕಾವಲಿಯ ಮೇಲಿನ ಜಾಗ ಹಿಡಿದುಕೊಂಡು ಹಿಂದಿರುವ ಎಂಟು ಜನರಿಗೆ ತಡವಾಗುತ್ತದೆ. ಅದು ಹತ್ತೂವರೆಯ ನಂತರ ಸಿಗುತ್ತದೆಂದು ಬೋರ್ಡಿನಲ್ಲಿಯೇ ಬರೆದುಬಿಟ್ಟರೆ ಯಾರೂ ಬೇಸರಪಡುವುದಿಲ್ಲ. ಮಧ್ಯಾಹ್ನದ ನಂತರ ಅದೇ ಮೇಜುಗಳಲ್ಲಿ ಗಿರಾಕಿಯನ್ನು ಎಬ್ಬಿಸದೆ ಕೂರಲು ಬಿಡಬೇಕು. ಕುಡಿದ ಲೋಟವನ್ನು ತೆಗೆದುಕೊಂಡು ಹೋಗಿ, ಬಟ್ಟೆಯಿಂದ ಮೇಜು ಒರೆಸಿ, ಇನ್ನೇನು ಬೇಕೆಂದು ಪದೇ ಪದೇ ಕೇಳುವುದು ಎದ್ದು ಹೋಗಿ ಎಂದ ಹಾಗೆಯೇ. ಜನ ಕಡಿಮೆಯಿರುವ ಹೊತ್ತಿನಲ್ಲಿ ತುಂಬಿರುವ ನಾಲ್ಕು ಮೇಜುಗಳು ರಸ್ತೆಯಲ್ಲಿ ಹೋಗುವವರಿಗೆ ಅಂಗಡಿಯ ಬಗ್ಗೆ ಒಳ್ಳೆಯದನ್ನೇ ಹೇಳುತ್ತವೆ.

ಕಾಫಿ ಮತ್ತು ಚಟ್ನಿ

ಹಗಲಿನ ಕೆಫೆಯನ್ನು ಗಿರಾಕಿ ಅಳೆಯುವುದು ಕಾಫಿಯಿಂದ. ನಮ್ಮ ಕಡೆಯ ಅಂಗಡಿಯೆಂದರೆ ಫಿಲ್ಟರ್ ಕಾಫಿಯ ನಿರೀಕ್ಷೆ ಇದ್ದೇ ಇರುತ್ತದೆ, ಮರಾಠಿ ಮತ್ತು ಗುಜರಾತಿ ಗಿರಾಕಿಗಳಿಗೂ. ಕಾಫಿಪುಡಿಯಲ್ಲಿ ಚಿಕೋರಿ ಶೇ. 20ರಿಂದ 30ರ ಒಳಗಿದ್ದರೆ ಹಾಲಿನೊಂದಿಗೆ ಬಣ್ಣವೂ ಗಟ್ಟಿತನವೂ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಲಾಭ ಉಳಿಯುತ್ತದೆ, ಕಾಫಿಯ ಪರಿಮಳ ಉಳಿಯುವುದಿಲ್ಲ. ಯಾವ ಪ್ರಮಾಣವನ್ನು ಆರಿಸಿಕೊಂಡರೂ ಅದನ್ನು ಬದಲಿಸಬಾರದು. ಪುಡಿಯ ಬೆಲೆ ಏರಿದಾಗ ಲೋಟಕ್ಕೆ ಎರಡು ರೂಪಾಯಿ ಹೆಚ್ಚಿಸಿದರೆ ಗಿರಾಕಿ ಒಂದು ವಾರ ಗೊಣಗಿ ಸುಮ್ಮನಾಗುತ್ತಾನೆ. ಚಿಕೋರಿ ಹೆಚ್ಚಿಸಿದರೆ ಏನೂ ಹೇಳದೆ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಡಿಕಾಕ್ಷನ್ ತಯಾರಿಸುವವರು ಕೆಲವು ಸಂಗತಿಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ನೀರು ಕುದಿದ ಮೇಲೆ ಒಲೆ ಆರಿಸಿ, ಕುದಿತ ಅಡಗಿದ ಕೂಡಲೇ ಪುಡಿಯ ಮೇಲೆ ಸುತ್ತಲೂ ಸಮವಾಗಿ ಸುರಿಯಬೇಕು. ಪುಡಿಯನ್ನು ತೀರ ಒತ್ತಿ ತುಂಬಿದರೆ ಇಳಿಯುವುದೇ ಇಲ್ಲ, ಸಡಿಲ ಬಿಟ್ಟರೆ ನೀರಾಗಿ ಇಳಿಯುತ್ತದೆ. ಮೊದಲ ಇಳುವರಿಯನ್ನು ಬೇರೆಯಾಗಿಯೇ ಇಟ್ಟುಕೊಂಡು, ಎರಡನೆಯದನ್ನು ಅದಕ್ಕೆ ಎಷ್ಟು ಬೆರೆಸಬೇಕೆಂಬುದನ್ನು ಕಣ್ಣಳತೆಗೆ ಬಿಡದೆ ಅಳತೆಯ ಲೋಟದಿಂದ ನಿರ್ಧರಿಸಬೇಕು. ಅಡುಗೆಯ ಭಟ್ಟರು ರಜೆಯ ಮೇಲೆ ಊರಿಗೆ ಹೋದ ದಿನ ಕಾಫಿಯ ರುಚಿ ಬದಲಾಗುವುದು ಈ ಅಳತೆ ಇಲ್ಲದ ಅಂಗಡಿಗಳಲ್ಲಿ. ಡಿಕಾಕ್ಷನ್ನನ್ನು ನೇರ ಉರಿಯ ಮೇಲೆ ಮತ್ತೆ ಕಾಯಿಸಿದರೆ ಕಹಿಯಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗಿರಿಸಬಹುದು. ಬೆಳಗ್ಗೆ ಇಳಿಸಿದ್ದನ್ನು ಸಂಜೆ ಐದರ ಗಿರಾಕಿಗೆ ಕೊಡುವುದು ಸಲ್ಲದು, ಮೂರೂವರೆಗೆ ಹೊಸದಾಗಿ ಇಳಿಸಬೇಕು. ಹಾಲನ್ನೂ ಚಿಕ್ಕ ಪಾತ್ರೆಯಲ್ಲಿ ಆಗಾಗ ಕಾಯಿಸುವುದು ಒಳ್ಳೆಯದು, ಏಕೆಂದರೆ ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಯುತ್ತಿರುವ ಹಾಲಿನ ಕಮಟು ವಾಸನೆಯನ್ನು ಎಂಥ ಉತ್ತಮ ಪುಡಿಯೂ ಮರೆಮಾಡಲಾರದು. ಲೋಟ, ದವರೆಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಕಾಫಿ ಹಾಕಿದರೆ ಮೇಜಿಗೆ ತಲುಪುವಾಗಲೂ ಅದು ಬಿಸಿಯಾಗಿರುತ್ತದೆ. ಸಕ್ಕರೆಯನ್ನು ಮೊದಲೇ ಹಾಕಿಡಬಾರದು. ಸಕ್ಕರೆ ಕಾಯಿಲೆಯವರು ಪ್ರತಿದಿನವೂ ಅದನ್ನೇ ಹೇಳಬೇಕಾಗಿ ಬರುವುದು ಅವರಿಗೆ ಕಿರಿಕಿರಿ.

ಕಾಫಿಯ ನಂತರ ಚಟ್ನಿ. ಬೆಳಗ್ಗೆ ಏಳಕ್ಕೆ ಹಾಲಿನಂತೆ ಬಿಳಿಯಾಗಿದ್ದ ತೆಂಗಿನಕಾಯಿ ಚಟ್ನಿ ಹನ್ನೊಂದಕ್ಕೆ ನೀರು ಬೆರೆತು, ಒಗ್ಗರಣೆಯೆಲ್ಲ ತಳ ಸೇರಿ, ಅಂಚಿನಲ್ಲಿ ನೊರೆ ಕಟ್ಟಿರುವುದನ್ನು ಅನೇಕ ಹೋಟೆಲುಗಳಲ್ಲಿ ನೋಡಬಹುದು. ಏಪ್ರಿಲ್, ಮೇ ತಿಂಗಳ ಮುಂಬಯಿ ಸೆಖೆಯಲ್ಲಿ ಚಟ್ನಿ ಹುಳಿಯಾಗಲು ಮೂರು ನಾಲ್ಕು ಗಂಟೆ ಸಾಕು. ಆದ್ದರಿಂದ ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವೇ ರುಬ್ಬಿ, ಬಳಸದ ಭಾಗವನ್ನು ಫ್ರಿಜ್ಜಿನಲ್ಲಿಟ್ಟು, ಹಳೆಯದಕ್ಕೆ ಹೊಸದನ್ನು ಎಂದಿಗೂ ಬೆರೆಸದೆ ಇರುವುದು ಸರಿಯಾದ ಕ್ರಮ. ಬಿಸಿಯಾಗಿರಬೇಕಾದದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿರಬೇಕಾದದ್ದು 5 ಡಿಗ್ರಿಗಿಂತ ಕೆಳಗೆ ಇರಬೇಕೆಂಬ ಆಹಾರ ಸುರಕ್ಷತೆಯ ನಿಯಮವನ್ನು ಸಾಂಬಾರಿನ ಪಾತ್ರೆಗೂ ಚಟ್ನಿಯ ಡಬ್ಬಕ್ಕೂ ಅನ್ವಯಿಸಿ ನೋಡಿ. ಹಿಟ್ಟಿನ ವಿಷಯವೂ ಹೀಗೆಯೇ. ಮುಂಬಯಿಯಲ್ಲಿ ಬೇಸಿಗೆಯ ರಾತ್ರಿ ಏಳೆಂಟು ಗಂಟೆಯಲ್ಲಿ ಉಬ್ಬುವ ಇಡ್ಲಿ ಹಿಟ್ಟು, ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಪುಣೆಯ ಡಿಸೆಂಬರಿನಲ್ಲಿ ಅದರ ಎರಡರಷ್ಟು ಸಮಯ ಕೇಳುತ್ತದೆ. ಋತುವಿಗೆ ತಕ್ಕಂತೆ ರುಬ್ಬುವ ವೇಳೆಯನ್ನು ಹಿಂದೆ ಮುಂದೆ ಮಾಡಿದರೆ ಮಾತ್ರ ಗಿರಾಕಿಗೆ ವರ್ಷವಿಡೀ ಒಂದೇ ಬಗೆಯ ಇಡ್ಲಿ ಸಿಗುತ್ತದೆ.

ಮೆನು ಚಿಕ್ಕದಿರಲಿ. ಆದರೆ ಈ ಊರಿನ ಎರಡು ಅಗತ್ಯಗಳನ್ನು ಬಿಡಬಾರದು: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಜೈನ ತಿಂಡಿ ಮತ್ತು ಏಕಾದಶಿ, ಶ್ರಾವಣ, ನವರಾತ್ರಿಗಳಲ್ಲಿ ಉಪವಾಸದವರಿಗೆ ಸಾಬುದಾಣೆ (ಸಬ್ಬಕ್ಕಿ) ಖಿಚಡಿ. ಜೈನ ಸಾಂಬಾರು ಎಂದು ಹೇಳಿ ಅದೇ ಸೌಟಿನಿಂದ ಬಡಿಸುವುದು ನಂಬಿ ಬಂದವರಿಗೆ ಮಾಡುವ ದ್ರೋಹ. ಪಾತ್ರೆಯೂ ಸೌಟೂ ಬೇರೆಯೇ ಇರಬೇಕು.

ಕೂರುವ ಜಾಗ, ನೀರು, ಶೌಚಾಲಯ

ಒಬ್ಬರೇ ಬರುವವರು ದಿನದ ಕೆಫೆಯಲ್ಲಿ ಹೆಚ್ಚು. ಎಲ್ಲ ಮೇಜುಗಳೂ ನಾಲ್ವರಿಗಾಗಿ ಇದ್ದರೆ ಒಬ್ಬರು ಕೂತ ಕಡೆ ಮೂರು ಕುರ್ಚಿ ಖಾಲಿ ಉಳಿಯುತ್ತದೆ, ಇಲ್ಲವೇ ಅಪರಿಚಿತರನ್ನು ಎದುರು ಕೂರಿಸಬೇಕಾಗುತ್ತದೆ. ಇಬ್ಬರ ಚಿಕ್ಕ ಮೇಜುಗಳನ್ನು ಹೆಚ್ಚಾಗಿ ಮಾಡಿಸಿ, ಬೇಕಾದಾಗ ಜೋಡಿಸಿಕೊಳ್ಳುವುದು ಲೇಸು. ಗೋಡೆಯ ಬದಿಯ ಎರಡು ಮೂರು ಮೇಜುಗಳಿಗೆ ಪ್ಲಗ್ ಪಾಯಿಂಟ್ ಕೊಡಿ. ಫ್ಯಾನಿನ ಗಾಳಿ ನೇರವಾಗಿ ತಟ್ಟೆಯ ಮೇಲೆ ಬೀಳದಂತೆ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೊಡೆ ಇಡಲು ಬಾಗಿಲ ಬಳಿ ಒಂದು ಬಕೆಟ್ಟು, ಕಾಲು ಜಾರದಂತೆ ದಪ್ಪ ಕಾಲೊರಸು ಬೇಕು. ಇಷ್ಟು ಸಣ್ಣ ವಿಷಯಕ್ಕಾಗಿ ಮಳೆಗಾಲದಲ್ಲಿ ಒಳಗೆ ಬರಲು ಹಿಂಜರಿಯುವವರಿದ್ದಾರೆ.

ಶೌಚಾಲಯದ ಬಗ್ಗೆ ನಾನು ಖಂಡಿತವಾಗಿ ಹೇಳಬಯಸುತ್ತೇನೆ. ಇಡೀ ದಿನ ಹೊರಗೆ ದುಡಿಯುವ ಮಹಿಳೆಯರಿಗೆ ಈ ಮಹಾನಗರದಲ್ಲಿ ಸ್ವಚ್ಛವಾದ ಶೌಚಾಲಯ ಸಿಗುವುದು ಇಂದಿಗೂ ಕಷ್ಟ, ಹಾಗಾಗಿ ಅನೇಕರು ಹೊರಗಿದ್ದಾಗ ನೀರನ್ನೇ ಕಡಿಮೆ ಕುಡಿಯುತ್ತಾರೆ. ಒಳಗಿನಿಂದ ಭದ್ರವಾಗಿ ಬೀಳುವ ಚಿಲಕ, ಬ್ಯಾಗು ನೇತುಹಾಕಲು ಒಂದು ಕೊಂಡಿ, ಮುಚ್ಚಳವಿರುವ ಕಸದ ಬುಟ್ಟಿ, ನೀರು, ಸೋಪು, ಉರಿಯುವ ದೀಪ: ಇದಕ್ಕೆ ಬೀಳುವ ಖರ್ಚು ಗೋಡೆಯ ಮೇಲಿನ ಒಂದು ಅಲಂಕಾರಕ್ಕಿಂತ ಕಡಿಮೆ. ಶೌಚಾಲಯವನ್ನು ದಾಸ್ತಾನು ಕೋಣೆ ಮಾಡಿಕೊಂಡು ಈರುಳ್ಳಿ ಮೂಟೆ, ಖಾಲಿ ಸಿಲಿಂಡರು ಇಡುವುದನ್ನು ಈ ಕ್ಷಣವೇ ನಿಲ್ಲಿಸಬೇಕು. ಗಿರಾಕಿಗಳಲ್ಲಿ ಮಹಿಳೆಯರು ಒಬ್ಬೊಬ್ಬರಾಗಿ ನಿರಾಳವಾಗಿ ಬರುತ್ತಿದ್ದಾರೆಯೇ ಎಂಬುದನ್ನು ಕೆಫೆ ಸರಿಯಾಗಿದೆಯೇ ಎಂಬುದಕ್ಕೆ ನಂಬಬಹುದಾದ ಗುರುತೆಂದು ನಾನು ತಿಳಿದಿದ್ದೇನೆ. ಕೂತ ಕೂಡಲೇ ಕುಡಿಯುವ ನೀರು ಕೇಳದೆಯೇ ಮೇಜಿಗೆ ಬರಬೇಕು, ಬಾಟಲಿ ನೀರು ಬೇಕೇ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬಾರದು.

ಬಿಲ್ಲು ಮತ್ತು ಗಲ್ಲಾ

ಬೋರ್ಡಿನಲ್ಲಿರುವ ಬೆಲೆಗೆ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದು ಅಲ್ಲೇ ಕಾಣಬೇಕು. ಸಾಮಾನ್ಯ ಹೋಟೆಲಿನ ತಿಂಡಿಗೆ ಜಿ.ಎಸ್.ಟಿ. ಶೇ. 5, ಕಾಂಪೊಸಿಷನ್ ಯೋಜನೆಯಲ್ಲಿರುವವರು (ವಹಿವಾಟಿನ ಮೇಲೆ ಗೊತ್ತಾದ ದರದಲ್ಲಿ ತಾವೇ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು) ಗಿರಾಕಿಯಿಂದ ಅದನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ದಿನದ ಕೆಫೆಗೆ ಸೇವಾ ಶುಲ್ಕದ ಗೊಡವೆಯೇ ಬೇಡ. ಹಣ ಪಾವತಿಯ ಕ್ಯೂ.ಆರ್. ಕೋಡ್ ಪ್ರತಿ ಮೇಜಿನ ಮೇಲೂ ಇದ್ದರೆ ಬೆಳಗಿನ ಗಲ್ಲಾದ ಮುಂದಿನ ಸಾಲು ಕರಗುತ್ತದೆ. ಹಾಗೆಂದು ಚಿಲ್ಲರೆ ಇಡುವುದನ್ನು ಬಿಡಬಾರದು, ಏಕೆಂದರೆ ಮುಂಜಾನೆಯ ಹಿರಿಯರಲ್ಲಿ ಹಲವರು ಇನ್ನೂ ನೋಟು ಕೊಡುವವರು.

ಗಲ್ಲಾದಲ್ಲಿ ಕೂರುವವರಿಗೆ ಮರಾಠಿ ಮತ್ತು ಹಿಂದಿ ಚೆನ್ನಾಗಿ ಬರಬೇಕು. ಊರಿನವರು ಬಂದಾಗ ತುಳುವಿನಲ್ಲೋ ಕನ್ನಡದಲ್ಲೋ ಕುಶಲ ಕೇಳುವುದು ಸಹಜ, ಸಂತೋಷದ ಸಂಗತಿಯೂ ಹೌದು. ಆದರೆ ಆ ಮಾತಿನ ನಡುವೆ ಬಿಲ್ಲು ಹಿಡಿದು ನಿಂತ ಬೇರೆ ಭಾಷೆಯ ಗಿರಾಕಿ ಕಾಯುವಂತಾಗಬಾರದು. ಸಪ್ಲಾಯರ್ ಹುಡುಗನನ್ನು ಗಿರಾಕಿಯ ಮುಂದೆ ಗದರಿಸುವ ಮಾಲೀಕರು ತಮಗೆ ತಾವೇ ಹಾನಿ ಮಾಡಿಕೊಳ್ಳುತ್ತಾರೆ. ಯಾವ ಮೇಜಿನವರಿಗೆ ಸಕ್ಕರೆ ಬೇಡ, ಯಾರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಬೇಕು ಎಂಬುದನ್ನು ನೆನಪಿಟ್ಟುಕೊಳ್ಳುವವನು ಅವನೇ, ಅವನು ಬಿಟ್ಟುಹೋದರೆ ಆ ತಿಳಿವಳಿಕೆಯೂ ಅವನೊಡನೆ ಹೋಗುತ್ತದೆ. ಒಳ್ಳೆಯ ಸಂಬಳ, ವಾರದ ರಜೆ, ಮಲಗಲು ಗಾಳಿಯಾಡುವ ಕೋಣೆ ಕೊಟ್ಟು ಉಳಿಸಿಕೊಳ್ಳಿ.

ಗಿರಾಕಿ ಬಾಯಿಬಿಟ್ಟು ಹೇಳದ್ದನ್ನು ತಿಳಿಯಲು ಎರಡು ದಾರಿಗಳಿವೆ. ತೊಳೆಯಲು ಬರುವ ತಟ್ಟೆಗಳನ್ನು ದಿನಕ್ಕೊಮ್ಮೆ ನಿಂತು ನೋಡಬೇಕು: ಸಾಂಬಾರು ಅರ್ಧ ಉಳಿದಿದ್ದರೆ ಖಾರವೋ ಸಿಹಿಯೋ ಹೆಚ್ಚಾಗಿದೆ, ವಡೆಯ ನಡುಭಾಗ ಬಿಟ್ಟಿದ್ದರೆ ಒಳಗೆ ಬೆಂದಿಲ್ಲ, ಚಟ್ನಿ ಮುಟ್ಟದೆ ಬಂದರೆ ಅದು ಹಳಸಿದೆ. ಗಲ್ಲಾದ ಪಕ್ಕದಲ್ಲಿ ಒಂದು ನೋಟುಪುಸ್ತಕವಿಟ್ಟು, ಕೇಳಿ ಸಿಗದೆ ಹೋದ ತಿಂಡಿಗಳನ್ನೂ ಆ ಹೊತ್ತನ್ನೂ ಬರೆಯಬೇಕು. ಒಂದೇ ತಿಂಡಿ ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರೆ ಅದನ್ನು ಮಾಡಲು ತೊಡಗಬೇಕು, ಅಲ್ಲಿಯವರೆಗೆ ಮೆನುವಿಗೆ ಹೊಸದನ್ನು ಸೇರಿಸುವ ಅಗತ್ಯವಿಲ್ಲ. ಇನ್ನು ಚೌತಿಗೋ ದೈವದ ನೇಮಕ್ಕೋ ಎಲ್ಲರೂ ಊರಿಗೆ ಹೊರಡುವಾಗ ಅಂಗಡಿ ಮುಚ್ಚುವುದಾದರೆ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ಫಲಕವನ್ನು ಒಂದು ವಾರ ಮೊದಲೇ ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ಬಾಗಿಲಿಗೆ ಹಾಕಿ, ಹೇಳಿದ ದಿನ ಹೇಳಿದ ಹೊತ್ತಿಗೆ ಬಾಗಿಲು ತೆರೆಯಬೇಕು.